ಹತ್ತು ಗಂಟೆಗೆ ಹತ್ತರಲ್ಲೊಂದು

ಅಹಮದಾಬಾದಿನ ಪಶ್ಚಿಮದ ಅಂಚಿನಲ್ಲಿ ಬೋಪಾಲ್ ಇದೆ. ಮಧ್ಯಪ್ರದೇಶದ ಭೋಪಾಲವಲ್ಲ, ಇದು 2020ರಲ್ಲಷ್ಟೇ ಅಹಮದಾಬಾದ್ ಮಹಾನಗರಪಾಲಿಕೆಯ ತೆಕ್ಕೆಗೆ ಬಿದ್ದ ಊರು. ಮದುವೆಗೂ ಗರ್ಬಾ ಕುಣಿತಕ್ಕೂ ಬಾಡಿಗೆಗೆ ಸಿಗುವ ಹುಲ್ಲುಹಾಸಿನ ಬಯಲಿಗೆ ಇಲ್ಲಿ ಪಾರ್ಟಿ ಪ್ಲಾಟ್ ಅನ್ನುತ್ತಾರೆ. ಅದರ ಬೆನ್ನಿಗೇ ಫ್ಲ್ಯಾಟುಗಳ ಸಾಲು. ನವರಾತ್ರಿಯಲ್ಲಿ ಆ ಬಯಲಿನ ನಡುವೆ ವೇದಿಕೆ ಹಾಕಿ, ಬೇಲಿ ಐವತ್ತು ಮೀಟರ್ ದೂರದಲ್ಲಿದೆ ಎಂದುಕೊಂಡು, ರಾತ್ರಿ ಹತ್ತರ ಮೇಲೆ ಹಾಡುವ ತಂಡ ಕಾನೂನಿನ ಪ್ರಕಾರ ಎಷ್ಟು ಸದ್ದು ಮಾಡಬಹುದು ಎಂದು ಲೆಕ್ಕ ಹಾಕಿದರೆ ಸಿಗುವ ಉತ್ತರ: ಐದು ಮಿಲಿವ್ಯಾಟ್. ಪಾಠ ಮಾಡುವ ಮೇಷ್ಟ್ರು ಪರದೆಯ ಮೇಲೆ ಕೆಂಪು ಚುಕ್ಕಿ ತೋರಿಸಲು ಹಿಡಿಯುವ ಲೇಸರ್ ಕಡ್ಡಿಯ ಶಕ್ತಿಯೂ ಹೆಚ್ಚುಕಮ್ಮಿ ಅಷ್ಟೇ.

ಈ ಲೆಕ್ಕದ ಮೂಲ ಕೇಂದ್ರ ಸರ್ಕಾರದ 2000ದ ಶಬ್ದ ಮಾಲಿನ್ಯ ನಿಯಮಗಳು. ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ 45. ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರು. ಸಾರ್ವಜನಿಕ ಸ್ಥಳದಲ್ಲಿ ಮೈಕ್ ಹಾಕಿದರೆ ಅದರ ಗಡಿಯಲ್ಲಿ ಈ ಮಿತಿಗಿಂತ 10 ಡೆಸಿಬೆಲ್ ಹೆಚ್ಚು, ಇಲ್ಲವೇ 75, ಎರಡರಲ್ಲಿ ಯಾವುದು ಕಡಿಮೆಯೋ ಅದು. ಹಬ್ಬಗಳಿಗೆಂದು ವರ್ಷಕ್ಕೆ ಹದಿನೈದು ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಮೈಕ್ ಬಳಸಲು ರಾಜ್ಯ ಸರ್ಕಾರ ಬಿಡಬಹುದು. ಗಮನಿಸಿ, ಬಿಡುವುದು ಗಡಿಯಾರವನ್ನು ಮಾತ್ರ, ಡೆಸಿಬೆಲ್ಲನ್ನಲ್ಲ. ಒಂಬತ್ತೂ ಐವತ್ತೊಂಬತ್ತಕ್ಕೆ ಬೇಲಿಯ ಹತ್ತಿರ 65 ಇರಬಹುದಾದದ್ದು ಹತ್ತು ಹೊಡೆದೊಡನೆ 55ಕ್ಕೆ ಇಳಿಯಬೇಕು. ಅರವತ್ತೈದರಲ್ಲಿ ಹತ್ತು ಕಳೆದರೆ ಹೋಗುವುದು ಆರರಲ್ಲೊಂದು ಪಾಲು ಎಂದು ಅನ್ನಿಸುತ್ತದೆ. ಹೋಗುವುದು ಹತ್ತರಲ್ಲಿ ಒಂಬತ್ತು ಪಾಲು. ಐವತ್ತು ಮಿಲಿವ್ಯಾಟ್ ಇದ್ದದ್ದು ಐದಾಗುತ್ತದೆ. ಗರ್ಬಾ ರಂಗೇರುವುದೇ ಆ ಹೊತ್ತಿಗೆ.

ಡೆಸಿಬೆಲ್ ಹೀಗೆ ಮೋಸ ಮಾಡುವುದಕ್ಕೆ ನಮ್ಮ ಕಿವಿಯೇ ಕಾರಣ. ಕೇಳಿಸುವ ಅತಿ ಸಣ್ಣ ಸದ್ದಿಗೂ ಕಿವಿ ನೋಯಿಸುವ 120 ಡೆಸಿಬೆಲ್ಲಿಗೂ ಶಕ್ತಿಯಲ್ಲಿರುವ ಅಂತರ ಒಂದು ಲಕ್ಷ ಕೋಟಿ ಪಟ್ಟು. ಅತಿ ಸಣ್ಣ ಸದ್ದಿನ ಒತ್ತಡ ವಾತಾವರಣದ ಒತ್ತಡದ ಐನೂರು ಕೋಟಿಯಲ್ಲೊಂದು ಪಾಲು. ಅದಕ್ಕೆ ಕಿವಿತಮಟೆ ಅಲುಗುವುದು ಒಂದು ಜಲಜನಕ ಪರಮಾಣುವಿನ ಅಗಲಕ್ಕಿಂತ ಕಡಿಮೆ. ಇಂಥ ಹರವನ್ನು ಸಾಮಾನ್ಯ ಅಂಕಿಯಲ್ಲಿ ಬರೆದರೆ ಸೊನ್ನೆ ಎಣಿಸುವುದರಲ್ಲೇ ಹೊತ್ತು ಹೋಗುತ್ತದೆ. ಹಾಗಾಗಿ ಪ್ರತಿ ಹತ್ತು ಪಟ್ಟಿಗೆ 10 ಡೆಸಿಬೆಲ್ ಎಂಬ ಒಪ್ಪಂದ. ಮುಖಾಮುಖಿ ಮಾತು ಒಂದು ಮೀಟರ್ ದೂರದಲ್ಲಿ 60ರ ಆಸುಪಾಸು. ಅಂದರೆ ವಸತಿ ಪ್ರದೇಶದ ಹಗಲಿನ ಮಿತಿ, ಇಬ್ಬರು ಗೆಳೆಯರ ಹರಟೆಗಿಂತ ಕೆಳಗಿದೆ.

ಇನ್ನೊಂದು ಕಡೆಯಿಂದ ನೋಡಿ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 110 ಕೊಡುವ ಸ್ಪೀಕರ್ 55ಕ್ಕೆ ಇಳಿಯಲು ಬೇಕಾದ ದೂರ 560 ಮೀಟರ್ ಚಿಲ್ಲರೆ. ಅಷ್ಟಗಲದ ಪಾರ್ಟಿ ಪ್ಲಾಟ್ ಎಲ್ಲಿಂದ ತರುವುದು? ಆ 110 ಡೆಸಿಬೆಲ್ಲಾದರೂ ಏನು ಮಹಾ: ನೆಲದ ಮೇಲೆ ನಾಲ್ಕೂ ಕಡೆ ಸಮನಾಗಿ ಹರಡುವ ಸದ್ದಾದರೆ ಒಂದು ವ್ಯಾಟ್ ಕೂಡ ಇಲ್ಲ, ಮುಕ್ಕಾಲಿಗಿಂತ ಕಡಿಮೆ. ಹತ್ತು ಸಾವಿರ ವ್ಯಾಟ್ ಎಂದು ಬ್ಯಾನರಿನಲ್ಲಿ ಬರೆಸಿಕೊಳ್ಳುವ ಸೌಂಡ್‌ನವರ ವಿದ್ಯುತ್ತಿನಲ್ಲಿ ಬಹುಪಾಲು ಸ್ಪೀಕರಿನೊಳಗೆ ಶಾಖವಾಗಿಯೇ ಮುಗಿದುಹೋಗುತ್ತದೆ.

ಇಷ್ಟು ಸೂಕ್ಷ್ಮವಾದ ಲೆಕ್ಕವನ್ನು ಕಾಯಲು ಕೂರಿಸಿರುವುದು ಸೌಂಡ್ ಲಿಮಿಟರ್ ಎಂಬ ಡಬ್ಬಿಯನ್ನು. ಗುಜರಾತಿನಲ್ಲಿ ಧ್ವನಿವರ್ಧಕಕ್ಕೆ ಇದು ಕಡ್ಡಾಯ. ಡಬ್ಬಿಯಲ್ಲಿ ಎರಡು ಜಾತಿ. ಒಂದು ಮಿಕ್ಸರಿಗೂ ಆಂಪ್ಲಿಫೈಯರಿಗೂ ನಡುವೆ ಕೂತು, ಸಿಗ್ನಲ್ ಮಿತಿ ಮುಟ್ಟಿದೊಡನೆ ಅದುಮುತ್ತದೆ. ಇನ್ನೊಂದು ಇಂಗ್ಲೆಂಡಿನ ಮದುವೆ ಹಾಲುಗಳಲ್ಲಿ ಕಲಾವಿದರಿಗೆಲ್ಲ ಪರಿಚಿತ: ಚಾವಣಿಯಿಂದ ತೂಗುವ ಮೈಕು, ಗೋಡೆಯ ಮೇಲೆ ಹಸಿರು-ಹಳದಿ-ಕೆಂಪು ದೀಪ. ಕೆಂಪು ಕೆಲವು ಸೆಕೆಂಡು ಉಳಿದರೆ ವೇದಿಕೆಯ ಪ್ಲಗ್ಗುಗಳ ಕರೆಂಟೇ ಕಟ್. ಕೀಬೋರ್ಡ್ ಮತ್ತೆ ಶುರುವಾಗುವವರೆಗೆ ಹಾಡು ನಡುನೀರಿನಲ್ಲಿ. ಕರೆಂಟ್ ಮರಳುವಾಗಿನ ಢಬ್ ಸದ್ದಿಗೆ ಸ್ಪೀಕರ್ ಸುಟ್ಟರೆ ನಷ್ಟ ತಂಡದ್ದು. ಈ ಜಾತಿಯದರಲ್ಲಿ ಒಂದು ಹಾಸ್ಯವೂ ಇದೆ. ತೂಗುವ ಮೈಕಿಗೆ ಹಾಡು ಯಾವುದು, ಚಪ್ಪಾಳೆ ಯಾವುದು ಗೊತ್ತಾಗದು. ಜನ ಮೆಚ್ಚಿ ಕೂಗಿದರೆ ಕಲಾವಿದನ ಕರೆಂಟ್ ಹೋಗುತ್ತದೆ.

ಗರ್ಬಾಕ್ಕೆ ಬಂದರೆ ಈ ಹಾಸ್ಯ ಗಣಿತವಾಗುತ್ತದೆ. ಗರ್ಬಾ ಮೂಲದಲ್ಲಿ ಚಪ್ಪಾಳೆಯ ಕುಣಿತ. ಐವತ್ತು ಮೀಟರ್ ದೂರಕ್ಕೆ ಒಬ್ಬರ ಚಪ್ಪಾಳೆ ಬರೀ 45 ಡೆಸಿಬೆಲ್ ಆಗಿ ತಲುಪುತ್ತದೆ ಎಂದಿಟ್ಟುಕೊಳ್ಳಿ. ಅಷ್ಟೇ ದೂರದಲ್ಲಿ ಹತ್ತು ಜನ ತಟ್ಟಿದರೆ 55, ನೂರು ಜನಕ್ಕೆ 65, ಸಾವಿರಕ್ಕೆ 75. ಚಪ್ಪಾಳೆ ಕ್ಷಣದ ಸದ್ದು, ಸರಾಸರಿ ತೆಗೆದರೆ ಇಳಿಯುತ್ತದೆ, ನಿಜ. ಆದರೂ ವಡೋದರಾದ ಯುನೈಟೆಡ್ ವೇ ಗರ್ಬಾದಲ್ಲಿ ಒಂದು ರಾತ್ರಿಗೆ ಮೂವತ್ತು ಸಾವಿರದ ಆಸುಪಾಸು ಜನ ಆಡುತ್ತಾರೆ. ಒಬ್ಬರ ಸದ್ದಿಗೆ ಅದು ಸೇರಿಸುವುದು 45 ಡೆಸಿಬೆಲ್. ಅಲ್ಲಿ ಸ್ಪೀಕರ್‌ಗಳನ್ನೆಲ್ಲ ಲಾರಿಗೆ ಹೇರಿ ವಾಪಸ್ ಕಳಿಸಿದರೂ ಮಿತಿ ಉಳಿದೀತೆಂದು ನನಗೆ ನಂಬಿಕೆಯಿಲ್ಲ. ಡಬ್ಬಿಯ ಕೈಗೆ ಸಿಗುವುದು ಮಾತ್ರ ವೇದಿಕೆ.

ವೇದಿಕೆಯ ಮೇಲೂ ಎಲ್ಲರೂ ಸಮವಾಗಿ ಸಿಗುವುದಿಲ್ಲ. ನನಗೆ ಅತ್ಯಂತ ಸೋಜಿಗ ಅನ್ನಿಸಿದ್ದು ಇದೇ. ನಿಯಮದ ಡೆಸಿಬೆಲ್ಲಿಗೆ 'ಎ' ಎಂಬ ಬಾಲವಿದೆ: ಸಣ್ಣ ಸದ್ದನ್ನು ಕಿವಿ ಕೇಳುವ ರೀತಿಗೆ ತಕ್ಕಂತೆ ಮೀಟರು ಬೇರೆ ಬೇರೆ ಶ್ರುತಿಗೆ ಬೇರೆ ಬೇರೆ ತೂಕ ಕೊಡುತ್ತದೆ. 1000 ಹರ್ಟ್ಸಿಗೆ ಪೂರ್ತಿ ತೂಕ. 63 ಹರ್ಟ್ಸಿನ ಬೇಸ್ ಸದ್ದಿಗೆ 26 ಡೆಸಿಬೆಲ್ ಮಾಫಿ. ನಾನೂರರಲ್ಲಿ ಒಂದು ಪಾಲು ಮಾತ್ರ ಲೆಕ್ಕಕ್ಕೆ. ಪಕ್ಕದ ಫ್ಲ್ಯಾಟಿನ ಕಿಟಕಿ ಗಡಗಡಿಸುವ 100 ಡೆಸಿಬೆಲ್ಲಿನ ಗುಮ್ಮು ಮೀಟರಿನಲ್ಲಿ 74. ಹಾಡುಗಾರ್ತಿಯ ಮಾತು ತಿಳಿಯಾಗಿ ಕೇಳುವುದು ಎರಡು-ಮೂರು ಸಾವಿರ ಹರ್ಟ್ಸಿನಲ್ಲಿ. ಅಲ್ಲಿ ಮೀಟರು ಮಾಫಿ ಕೊಡುವುದಿರಲಿ, ಒಂದು ಡೆಸಿಬೆಲ್ ಮೇಲೆಯೇ ಹಾಕಿಕೊಳ್ಳುತ್ತದೆ. ಗೋಡೆ ನಡೆದುಕೊಳ್ಳುವುದು ಇದಕ್ಕೆ ತಿರುಗಾ ಮುರುಗಾ. ಐವತ್ತು ಹರ್ಟ್ಸಿನ ಅಲೆಯ ಉದ್ದ ಸುಮಾರು ಏಳು ಮೀಟರ್, ಅದು ಕಾಂಪೌಂಡನ್ನು ಬಳಸಿಕೊಂಡು ಆರಾಮಾಗಿ ದಾಟುತ್ತದೆ. ಮಾತಿನ ಅಲೆ ಗೇಣುದ್ದವೂ ಇಲ್ಲ, ಕಿಟಕಿ ಮುಚ್ಚಿದರೆ ಅಲ್ಲೇ ನಿಲ್ಲುತ್ತದೆ. ನೆರೆಯವರು ದೂರು ಕೊಡುವುದು ಗುಮ್ಮಿನ ಮೇಲೆ, ಮೀಟರು ಹಿಡಿಯುವುದು ಹಾಡುಗಾರ್ತಿಯನ್ನು.

ಮಿಕ್ಸರಿಗೂ ಆಂಪ್ಲಿಫೈಯರಿಗೂ ನಡುವೆ ಕೂರುವ ಡಬ್ಬಿಯಾದರೆ ಅವಳು ಪಾರಾದಳು ಎನ್ನುವಂತಿಲ್ಲ. ಅದು ಇಡೀ ಮಿಶ್ರಣವನ್ನು ಒಟ್ಟಿಗೆ ಅದುಮುತ್ತದೆ. ಸಿಗ್ನಲ್ಲಿನ ದೊಡ್ಡ ಪಾಲು ಬೇಸಿನದೇ ಆದ್ದರಿಂದ ಢೋಲಿನ ಪ್ರತಿ ಪೆಟ್ಟಿಗೂ ಮಿತಿ ಮುಟ್ಟಿ, ಆ ಪೆಟ್ಟಿನ ಜೊತೆ ದನಿಯೂ ಮುಳುಗಿ ಏಳುತ್ತದೆ. ಅನುಭವಿ ಸೌಂಡ್ ಎಂಜಿನಿಯರ್ ಮಾಸ್ಟರನ್ನು, ಅಂದರೆ ಒಟ್ಟು ಸದ್ದನ್ನು, ಇಳಿಸುವ ಮೊದಲು ದನಿ, ಹಾರ್ಮೋನಿಯಂ, ಗಿಟಾರಿನ ದಾರಿಗಳಲ್ಲಿ ಕೆಳಶ್ರುತಿಯ ಕಸವನ್ನೆಲ್ಲ ಕತ್ತರಿಸುತ್ತಾನೆ. ಢೋಲಿಗೆ ಮೈಕೇ ಬೇಡವೆನ್ನುವವರೂ ಇದ್ದಾರೆ. ಯಕ್ಷಗಾನದ ಚೆಂಡೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹತ್ತು ಗಂಟೆಯ ಗೆರೆ ಅಲ್ಲಿಯೂ ಬಂತು: ಇದೇ ನಿಯಮದಿಂದಾಗಿ ಕಟೀಲು ಮೇಳಗಳು 2022ರಲ್ಲಿ ಇರುಳಿಡೀ ಆಟ ಬಿಟ್ಟು ಕಾಲಮಿತಿಗೆ ಇಳಿದವು, ಹಳೆಯ ಪದ್ಧತಿಗೆ ಮರಳಿದ್ದು ವಿಷಯ ಹೈಕೋರ್ಟ್ ಮೆಟ್ಟಿಲೇರಿದ ಮೇಲೆ.

ಕಲಾವಿದರ ಪರ ಇಷ್ಟೆಲ್ಲ ಹೇಳಿದ ಮೇಲೆ ಕಿವಿಯ ಪರವೂ ಒಂದು ಲೆಕ್ಕ ಸಲ್ಲಬೇಕು. ಕೆಲಸದ ಜಾಗದಲ್ಲಿ ಕಿವಿ ದಿನಕ್ಕೆ ತಡೆಯಬಹುದಾದದ್ದು 85 ಡೆಸಿಬೆಲ್ ಎಂಟು ಗಂಟೆ. ಪ್ರತಿ 3 ಡೆಸಿಬೆಲ್ಲಿಗೆ ಹೊತ್ತು ಅರ್ಧವಾಗುತ್ತದೆ. 100 ಡೆಸಿಬೆಲ್ಲಿಗೆ ಉಳಿಯುವುದು ಹದಿನೈದು ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ತಾಣಗಳಿಗೆ ಹಾಕಿದ ಮೇಲ್ಮಿತಿಯೂ ಹದಿನೈದು ನಿಮಿಷದ ಸರಾಸರಿಯಲ್ಲಿ 100. ಸ್ಪೀಕರಿನ ಮುಂದೆ ಆ ಮಟ್ಟದಲ್ಲಿ ನಾಲ್ಕು ಗಂಟೆ ಆಡಿದವರು ಹದಿನಾರು ದಿನದ ಪಾಲನ್ನು ಒಂದೇ ರಾತ್ರಿ ಉಂಡಂತೆ. ಒಂಬತ್ತು ರಾತ್ರಿಗೆ 144 ದಿನದ್ದು. ವೇದಿಕೆಯ ಮೇಲಿರುವವರಿಗೆ ನವರಾತ್ರಿಯ ಹಿಂದೆಯೇ ಮದುವೆ ಸೀಸನ್ ಬರುತ್ತದೆ.

ದಾರಿ ಇಲ್ಲವೆಂದಲ್ಲ. ವೇದಿಕೆಯ ಎರಡು ಗೋಪುರಗಳಿಂದಲೇ ನಲವತ್ತು ಮೀಟರ್ ಆಚೆಯವರಿಗೆ 85 ತಲುಪಿಸಲು ಸ್ಪೀಕರಿನ ಬುಡದಲ್ಲಿ 117 ಬೇಕು. ಅದರ ಬದಲು ನಲವತ್ತು ಸಣ್ಣ ಪೆಟ್ಟಿಗೆಗಳನ್ನು ಆಡುವವರ ತಲೆಯ ಮೇಲೆ ಮೂರು ಮೀಟರ್ ದೂರಕ್ಕೆ ತೂಗುಹಾಕಿದರೆ ಒಂದೊಂದಕ್ಕೆ 95 ಸಾಕು. ನಲವತ್ತೂ ಸೇರಿದರೂ 111ರ ಒಳಗೆ; ನಾಲ್ಕರಲ್ಲೊಂದು ಪಾಲಿನಷ್ಟು ಶಕ್ತಿಯಲ್ಲಿ ಅದೇ ಗರ್ಬಾ. ಪ್ರತಿ ಪೆಟ್ಟಿಗೆಗೂ ತಕ್ಕ ವಿಳಂಬ ಕೊಡಬೇಕು, ಏಕೆಂದರೆ ಸದ್ದಿಗೆ ನೂರು ಮೀಟರ್ ಓಡಲು ಸೆಕೆಂಡಿನ ಕಾಲುಭಾಗಕ್ಕಿಂತ ಹೆಚ್ಚು ಹೊತ್ತು ಬೇಕು. ಅಷ್ಟರಲ್ಲಿ ಚುರುಕು ಗರ್ಬಾದ ಅರ್ಧ ಪೆಟ್ಟು ದಾಟಿರುತ್ತದೆ, ಒಳವೃತ್ತದವರೂ ಹೊರವೃತ್ತದವರೂ ಬೇರೆ ಬೇರೆ ತಾಳಕ್ಕೆ ಚಪ್ಪಾಳೆ ತಟ್ಟುತ್ತಾರೆ. ಪೆಟ್ಟಿಗೆಗಳ ಮುಖ ನೆಲಕ್ಕೆ ತಿರುಗಿಸಿದರೆ ಐವತ್ತು ಮೀಟರ್ ಆಚೆಯ ಬೇಲಿಯ ಕಡೆ ಇನ್ನೊಂದು ಹತ್ತು ಡೆಸಿಬೆಲ್ ಇಳಿದೀತು, ಅಂಕಿ 67ರ ಹತ್ತಿರ ಬಂದು ನಿಲ್ಲುತ್ತದೆ. ಹತ್ತು ಗಂಟೆಯ ಒಳಗಿನ 65ಕ್ಕೆ ಎರಡೇ ಮೆಟ್ಟಿಲು. ಹತ್ತರ ನಂತರದ 55 ಮಾತ್ರ ಆಗಲೂ ಹತ್ತು ಪಟ್ಟಿಗೂ ಕೆಳಗೇ ಇರುತ್ತದೆ, ಬಾಡಿಗೆಯೋ ನಲವತ್ತು ಪೆಟ್ಟಿಗೆಗಳದ್ದು.