360ನ್ನು ಕನ್ನಡದಲ್ಲಿ ಒಡೆಯೋಣ

ಅಮೆರಿಕದ ಎಎಂಸಿ 8 ಪರೀಕ್ಷೆಯಲ್ಲಿ 25 ಪ್ರಶ್ನೆ, 40 ನಿಮಿಷ, ಕ್ಯಾಲ್ಕುಲೇಟರ್ ಇಲ್ಲ. ಅಭ್ಯಾಸದಲ್ಲಿ ‘360ನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳೆಷ್ಟು?’ ಎಂಬಂಥ ಲೆಕ್ಕ ಬಂದರೆ, ಮಗು ಪಟ್ಟಿ ಬರೆಯುತ್ತಾ ಕೂರುವುದು ಬೇಡ. ಮೊದಲು ಅವಿಭಾಜ್ಯ ಸಂಖ್ಯೆಗಳಾಗಿ ಒಡೆಯಲಿ: ಮೂರು 2, ಎರಡು 3, ಒಂದು 5. ಆಮೇಲೆ ಕನ್ನಡದಲ್ಲೇ ಕೇಳಿ: “ಎಷ್ಟು 2 ತಗೋತೀಯಾ ಪುಟ್ಟಾ?”

‘ಒಂದೂ ಬೇಡ’ ಎನ್ನುವುದೂ ಸೇರಿ ನಾಲ್ಕು ದಾರಿ. ಹಾಗೇ 3ಕ್ಕೆ ಮೂರು, 5ಕ್ಕೆ ಎರಡು. 4×3×2, ಒಟ್ಟು 24. ಮಕ್ಕಳು ಎಡವುವುದು ಆ ‘ಒಂದೂ ಬೇಡ’ದಲ್ಲೇ. ಯಾವುದನ್ನೂ ತೆಗೆದುಕೊಳ್ಳದಿದ್ದರೆ ಸಿಗುವುದು 1. ಅದೂ 360ನ್ನು ಭಾಗಿಸುತ್ತದೆ ತಾನೇ? ಸೂತ್ರ ಬಾಯಿಪಾಠ ಮಾಡಿಸಿದರೆ ಈ ಮಾತುಕತೆಯೇ ಹುಟ್ಟುವುದಿಲ್ಲ.

ಶಾಲೆಯ ‘ಪ್ರೈಮ್’ ಪ್ರೈಮ್ ಆಗಿಯೇ ಇರಲಿ, ಪರವಾಗಿಲ್ಲ. ಆದರೆ ಊಟ-ತಿಂಡಿಗಷ್ಟೇ ಬಳಸಿದ ಮನೆಮಾತು ಅಡುಗೆಮನೆ ದಾಟುವುದಿಲ್ಲ.

ಇನ್ನು ಆ 24ರಲ್ಲಿ ಪೂರ್ಣ ವರ್ಗಗಳೆಷ್ಟು ಎಂದು ಕೇಳಿ ನೋಡಿ. ನಾಲ್ಕೇ: 1, 4, 9, 36.