ಮೂಲೆ ಸೇರಿದ ಗಣಕಕ್ಕೆ ಮರುಜೀವ

ಮಕ್ಕಳೇ, ನಿಮ್ಮ ಶಾಲೆಯಲ್ಲಿ ಹಳೆಯ ನಕಾಶೆಗಳನ್ನು ಇಡುವ ಮೂಲೆಯನ್ನು ಒಮ್ಮೆ ನೋಡಿ. ಅಲ್ಲಿ ಬಟ್ಟೆ ಹೊದಿಸಿದ ಕಂಪ್ಯೂಟರ್ ಒಂದು ಇದೆಯೇ? "ಅದು ಕೆಟ್ಟು ಹೋಗಿದೆ, ಮುಟ್ಟಬೇಡಿ" ಎಂದು ಯಾರಾದರೂ ಹೇಳಿರಬಹುದು. ಆದರೆ ಕೆಟ್ಟಿರುವುದು ಇಡೀ ಗಣಕವೇ, ಅಥವಾ ಅದರ ಒಂದು ಚಿಕ್ಕ ಭಾಗವೇ?

2001ರ ಸುಮಾರಿಗೆ ನಮ್ಮ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಿಗೆ 'ಮಾಹಿತಿ ಸಿಂಧು' ಯೋಜನೆಯಲ್ಲಿ ಕಂಪ್ಯೂಟರ್‌ಗಳು ಬಂದವು. ಮುಂದೆ ಬೇರೆ ಬೇರೆ ಯೋಜನೆಗಳಲ್ಲಿ ಪ್ರಾಥಮಿಕ ಶಾಲೆಗಳಿಗೂ ಬಂದವು. ಅಂದಿನ ಯಂತ್ರಗಳಿಗೆ ಈಗ ವಯಸ್ಸಾಗಿದೆ. ಆದರೂ ಅವುಗಳ ಒಳಗೆ ನಿಮ್ಮ ಅಕ್ಕ, ಅಣ್ಣಂದಿರು ಬೆರಳಚ್ಚು ಮಾಡಿದ ಬರಹ, ವಾರ್ಷಿಕೋತ್ಸವದ ಫೋಟೊ, ಶಾಲೆಯ ದಾಖಲೆಗಳು ಉಳಿದಿರಬಹುದು. ಗಣಕವನ್ನು ಗುಜರಿಗೆ ಹಾಕಿದರೆ ಅವೂ ಹೋಗುತ್ತವೆ. ಆದ್ದರಿಂದ ಅದನ್ನು ಎಸೆಯುವ ಮೊದಲು ಪರೀಕ್ಷಿಸುವುದು ಒಳ್ಳೆಯದು.

ಒಳಗೆ ಏನೇನಿದೆ?

ನಿಮ್ಮ ಶಾಲೆಯ ಬಿಸಿಯೂಟದ ಅಡುಗೆಮನೆಯನ್ನು ನೆನಪಿಸಿಕೊಳ್ಳಿ. ಅಕ್ಕಿ, ಬೇಳೆ ಇರುವುದು ಉಗ್ರಾಣದಲ್ಲಿ. ಆ ಹೊತ್ತಿಗೆ ಬೇಕಾದಷ್ಟನ್ನು ಮಾತ್ರ ತಂದು ಕಟ್ಟೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಅಡುಗೆ ಮಾಡುವವರು ಅಲ್ಲಿಂದ ತೆಗೆದುಕೊಂಡು ಕೆಲಸ ಮಾಡುತ್ತಾರೆ. ಗಣಕದ ಉಗ್ರಾಣವೇ ಹಾರ್ಡ್ ಡಿಸ್ಕ್. ಕಟ್ಟೆಯೇ ರ‍್ಯಾಮ್. ಅಡುಗೆ ಮಾಡುವವರೇ ಪ್ರೊಸೆಸರ್. ಇವೆಲ್ಲವನ್ನೂ ಜೋಡಿಸುವ ದೊಡ್ಡ ಹಲಗೆಗೆ ಮದರ್‌ಬೋರ್ಡ್ ಎಂದು ಹೆಸರು. ಗೋಡೆಯಿಂದ ಬರುವ 230 ವೋಲ್ಟ್ ವಿದ್ಯುತ್ತನ್ನು 12, 5 ಹಾಗೂ 3.3 ವೋಲ್ಟ್‌ಗಳಿಗೆ ಇಳಿಸಿ ಕೊಡುವ ಕಬ್ಬಿಣದ ಡಬ್ಬಿಗೆ ಎಸ್‌ಎಂಪಿಎಸ್ ಎನ್ನುತ್ತಾರೆ.

ಗಣಕದ ಶತ್ರುಗಳು

ಊರಿನ ಹವೆಗೂ ಗಣಕದ ಆಯುಷ್ಯಕ್ಕೂ ಸಂಬಂಧವಿದೆ. ಕಿತ್ತೂರು ಮಲೆನಾಡಿನ ಅಂಚಿಗೆ ಹತ್ತಿರ. ಅಲ್ಲಿ ಮಳೆಗಾಲದ ತೇವ ಹೆಚ್ಚು. ತೇವದಿಂದ ಲೋಹದ ತುದಿಗಳ ಮೇಲೆ ಕಿಲುಬು ಹಿಡಿಯುತ್ತದೆ. ಅಲ್ಲಿಂದ ಪೂರ್ವಕ್ಕೆ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆಗೆ ಹೋದಂತೆ ಮಳೆ ಕಡಿಮೆ, ಬೇಸಿಗೆಯಲ್ಲಿ ಎರೆಮಣ್ಣಿನ ಧೂಳು ಹೆಚ್ಚು. ಈ ನಯವಾದ ಧೂಳು ಫ್ಯಾನಿನ ಮೂಲಕ ಒಳಸೇರಿ ಪ್ರೊಸೆಸರ್ ಮೇಲಿರುವ ಲೋಹದ ಪದರುಗಳ ಸಂದಿಯಲ್ಲಿ ಕೂರುತ್ತದೆ. ಆಗ ಬಿಸಿ ಹೊರಗೆ ಹೋಗುವುದಿಲ್ಲ. ಬಿಸಿ ಮಿತಿ ಮೀರಿದಾಗ ಗಣಕ ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಂತುಬಿಡುತ್ತದೆ. ಹತ್ತು ನಿಮಿಷ ನಡೆದು ನಿಲ್ಲುವ ಎಷ್ಟೋ ಗಣಕಗಳು ಧೂಳು ತೆಗೆದ ಮೇಲೆ ಸರಿಯಾಗುತ್ತವೆ!

ಮೊದಲು ಎಚ್ಚರಿಕೆ

ಗಣಕವನ್ನು ನೀವೇ ಒಬ್ಬರೇ ಬಿಚ್ಚಬೇಡಿ. ಶಿಕ್ಷಕರು ಅಥವಾ ದುರಸ್ತಿ ಬಲ್ಲವರು ಜೊತೆಗಿರಲಿ. ಮೊದಲು ಪ್ಲಗ್ ಕಿತ್ತುಹಾಕಬೇಕು. ಸ್ವಿಚ್ ಆರಿಸಿದರೆ ಮಾತ್ರ ಸಾಲದು.

ಎರಡು ವಸ್ತುಗಳನ್ನು ಎಂದಿಗೂ ತೆರೆಯಬಾರದು. ಒಂದು, ಎಸ್‌ಎಂಪಿಎಸ್ ಡಬ್ಬಿ. ಇನ್ನೊಂದು, ಹಿಂಭಾಗ ಉದ್ದವಾಗಿರುವ ಹಳೆಯ ಗಾಜಿನ ಕೊಳವೆಯ ಮಾನಿಟರ್. ಬಣ್ಣದ ಮಾನಿಟರಿನ ಕೊಳವೆಗೆ 20,000 ವೋಲ್ಟಿಗೂ ಹೆಚ್ಚು ವಿದ್ಯುತ್ ಒತ್ತಡ ಬೇಕಾಗುತ್ತದೆ. ಪ್ಲಗ್ ಕಿತ್ತ ಮೇಲೆಯೂ ಇವೆರಡರ ಒಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಇನ್ನೊಂದು ಮಾತು. ಒಣ ಹವೆಯಲ್ಲಿ ತಲೆ ಬಾಚಿದ ಹಣಿಗೆ ಕಾಗದದ ಚೂರುಗಳನ್ನು ಸೆಳೆಯುವುದನ್ನು ನೀವು ನೋಡಿದ್ದೀರಿ. ಅದೇ ಸ್ಥಾಯೀ ವಿದ್ಯುತ್ತು ನಮ್ಮ ಮೈಯಲ್ಲಿಯೂ ಸೇರುತ್ತದೆ. ನಮಗೆ ಅರಿವಿಗೇ ಬಾರದಷ್ಟು ಚಿಕ್ಕ ಕಿಡಿ ಕೂಡ ಗಣಕದ ಚಿಪ್ಪನ್ನು ಸುಡಬಲ್ಲದು. ಆದ್ದರಿಂದ ಒಳಭಾಗಗಳನ್ನು ಮುಟ್ಟುವ ಮೊದಲು ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಕೈಯಿಂದ ಮುಟ್ಟಬೇಕು.

ಒಂದು ಬಾರಿಗೆ ಒಂದೇ ಬದಲಾವಣೆ

ದುರಸ್ತಿ ಎಂದರೆ ಒಂದು ಪ್ರಯೋಗ. ಸುಲಭವಾದುದನ್ನು ಮೊದಲು ನೋಡಬೇಕು. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ ಫಲಿತಾಂಶ ಬರೆದಿಡಬೇಕು. ಒಮ್ಮೆಗೇ ನಾಲ್ಕು ಭಾಗ ಬದಲಿಸಿದರೆ ದೋಷ ಎಲ್ಲಿತ್ತು ಎಂಬುದು ತಿಳಿಯುವುದೇ ಇಲ್ಲ.

ದೀಪವೇ ಹತ್ತುವುದಿಲ್ಲವೇ? ಮೊದಲು ಗೋಡೆಯ ಸಾಕೆಟ್ಟಿಗೆ ಬೇರೆ ದೀಪ ಹಾಕಿ ನೋಡಬೇಕು. ನಂತರ ವೈರನ್ನು ಪರೀಕ್ಷಿಸಬೇಕು. ಎಷ್ಟೋ ಬಾರಿ ದೋಷ ಗಣಕದಲ್ಲಿ ಇರುವುದೇ ಇಲ್ಲ.

ಬೀಪ್ ಬೀಪ್ ಎಂದು ಕೂಗಿ ಪರದೆ ಕಪ್ಪಾಗಿಯೇ ಇದೆಯೇ? ರ‍್ಯಾಮ್ ಪಟ್ಟಿ ಸರಿಯಾಗಿ ಕೂತಿಲ್ಲದಿರಬಹುದು. ಅದನ್ನು ಹೊರತೆಗೆದು, ಚಿನ್ನದ ಬಣ್ಣದ ತುದಿಗಳನ್ನು ನೀವು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಕೊಡವಿ, ಮತ್ತೆ ಕೂರಿಸಬೇಕು. ಕಿಲುಬು ಹೋದರೆ ವಿದ್ಯುತ್ತಿಗೆ ದಾರಿ ಸಿಗುತ್ತದೆ.

ಗಡಿಯಾರ ಪ್ರತಿದಿನ ಹಳೆಯ ಇಸವಿಯನ್ನು ತೋರಿಸುತ್ತಿದೆಯೇ? ಮದರ್‌ಬೋರ್ಡಿನ ಮೇಲೆ ನಾಣ್ಯದಂತಹ ಒಂದು ಸೆಲ್ ಇರುತ್ತದೆ. ಅದರ ಹೆಸರು ಸಿಆರ್ 2032. 20 ಎಂದರೆ 20 ಮಿಲಿಮೀಟರ್ ಅಗಲ, 32 ಎಂದರೆ 3.2 ಮಿಲಿಮೀಟರ್ ದಪ್ಪ. ಅದರ ಒತ್ತಡ 3 ವೋಲ್ಟ್. ಗಣಕ ಆರಿದ್ದಾಗಲೂ ಗಡಿಯಾರ ನಡೆಯುವುದು ಇದರಿಂದಲೇ. ಸೆಲ್ ಬರಿದಾದರೆ ದಿನಾಂಕ ತಪ್ಪುತ್ತದೆ. ದಿನಾಂಕ ತಪ್ಪಿದರೆ ಅಂತರಜಾಲದ ಅನೇಕ ಪುಟಗಳೂ ತೆರೆಯುವುದಿಲ್ಲ. ಚಿಕ್ಕ ಸೆಲ್ ಎಷ್ಟು ದೊಡ್ಡ ತೊಂದರೆ ಕೊಡುತ್ತದೆ ನೋಡಿ! ಹಳೆಯ ಸೆಲ್ ಅನ್ನು ಚಿಕ್ಕ ಮಕ್ಕಳ ಕೈಗೆ ಸಿಗದಂತೆ ಇಡಿ. ಯಾರಾದರೂ ನುಂಗಿದರೆ ಪ್ರಾಣಕ್ಕೇ ಅಪಾಯ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಮದರ್‌ಬೋರ್ಡಿನ ಮೇಲೆ ಚಿಕ್ಕ ಡ್ರಮ್ಮಿನಂತಹ ಧಾರಕಗಳು ಸಾಲಾಗಿ ನಿಂತಿರುತ್ತವೆ. ಅವುಗಳ ತಲೆ ಚಪ್ಪಟೆಯಾಗಿರಬೇಕು. ತಲೆ ಉಬ್ಬಿದ್ದರೆ ಅಥವಾ ಕಂದು ದ್ರವ ಸೋರಿದ್ದರೆ ಅವು ಕೆಟ್ಟಿವೆ ಎಂದರ್ಥ. 2000ರ ದಶಕದ ಆರಂಭದಲ್ಲಿ ತಯಾರಾದ ಅನೇಕ ಬೋರ್ಡುಗಳಿಗೆ ಜಗತ್ತಿನಾದ್ಯಂತ ಈ ರೋಗ ಬಂದಿತ್ತು. ಬೆಸುಗೆ ಬಲ್ಲವರು ಇವನ್ನು ಬದಲಿಸಬಲ್ಲರು.

ಹಳೆಯದಕ್ಕೆ ಹೊಸ ಬಲ

ಗಣಕ ನಡೆಯುತ್ತದೆ, ಆದರೆ ಆಮೆಯಂತೆ ನಡೆಯುತ್ತದೆ. ಏನು ಮಾಡಬೇಕು? ಅಡುಗೆಮನೆಯ ಕಟ್ಟೆ ಚಿಕ್ಕದಾದರೆ ಪ್ರತಿ ಸಲವೂ ಉಗ್ರಾಣಕ್ಕೆ ಓಡಬೇಕು. ಹಾಗೆಯೇ ರ‍್ಯಾಮ್ ಕಡಿಮೆ ಇದ್ದರೆ ಪ್ರೊಸೆಸರ್ ಮತ್ತೆ ಮತ್ತೆ ಹಾರ್ಡ್ ಡಿಸ್ಕಿಗೆ ಓಡುತ್ತದೆ. ರ‍್ಯಾಮ್ ಹೆಚ್ಚಿಸಿದರೆ ಓಡಾಟ ತಪ್ಪುತ್ತದೆ. ಆದರೆ ಯಾವ ರ‍್ಯಾಮ್ ಆದರೂ ಹೊಂದುವುದಿಲ್ಲ. ಡಿಡಿಆರ್ ಪಟ್ಟಿಗೆ 184 ತುದಿಗಳು. ಡಿಡಿಆರ್ 2 ಮತ್ತು ಡಿಡಿಆರ್ 3 ಪಟ್ಟಿಗಳಿಗೆ 240 ತುದಿಗಳಿದ್ದರೂ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ. ಒತ್ತಿ ಕೂರಿಸಲು ಹೋದರೆ ಮುರಿದೀತು!

ಇದಕ್ಕೂ ಒಂದು ಮಿತಿ ಇದೆ. 32 ಬಿಟ್ ಗಣಕ ಸಾಮಾನ್ಯವಾಗಿ 4 ಗಿಗಾಬೈಟಿಗಿಂತ ಹೆಚ್ಚು ರ‍್ಯಾಮ್ ಬಳಸಲಾರದು. ಏಕೆ? 2 ಅನ್ನು 32 ಬಾರಿ ಬರೆದು ಗುಣಿಸಿ. ಉತ್ತರ 4,294,967,296. ಅಷ್ಟು ಮನೆಗಳಿಗೆ ಮಾತ್ರ ಅದು ವಿಳಾಸ ಕೊಡಬಲ್ಲದು.

ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಅದರ ಬದಲು ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿದರೆ ಗಣಕ ಬೇಗ ಎಚ್ಚರಗೊಳ್ಳುತ್ತದೆ. ತೀರಾ ಹಳೆಯ ಬೋರ್ಡಿನಲ್ಲಿ 40 ಸೂಜಿಗಳ ಅಗಲ ಕೇಬಲ್ ಇದ್ದರೆ, ನಡುವೆ ಒಂದು ಜೋಡಕ ಬೇಕಾಗುತ್ತದೆ.

ತಂತ್ರಾಂಶವೂ ಯಂತ್ರಕ್ಕೆ ಹೊಂದಬೇಕು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್‌ನಿಂದ ರಕ್ಷಣೆಯ ನೆರವು ನಿಂತಿದೆ. ಅದನ್ನು ಅಂತರಜಾಲಕ್ಕೆ ಜೋಡಿಸುವುದು ಕ್ಷೇಮವಲ್ಲ. ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯ ಹಗುರ ಆವೃತ್ತಿಗಳು ಹಳೆಯ ಗಣಕದಲ್ಲಿಯೂ ನಡೆಯುತ್ತವೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ, ಕಾಸರಗೋಡಿನ ಕನ್ನಡ ಮಕ್ಕಳು ಕಲಿಯುವ ಶಾಲೆಗಳಲ್ಲಿಯೂ, ಲಿನಕ್ಸ್ ಬಳಕೆಯಲ್ಲಿದೆ. ಆದರೆ 32 ಬಿಟ್ ಗಣಕಕ್ಕೆ ಹೊಂದುವ ಹೊಸ ಆವೃತ್ತಿಗಳು ಕಡಿಮೆಯಾಗುತ್ತಿವೆ ಎಂಬುದು ನೆನಪಿರಲಿ.

ಕನ್ನಡ ಬರಹ ಕಾಣೆಯಾಯಿತೇ?

ಹೊಸ ತಂತ್ರಾಂಶ ಹಾಕುವ ಮೊದಲು ಹಳೆಯ ಕಡತಗಳನ್ನು ಪೆನ್ ಡ್ರೈವಿಗೆ ನಕಲು ಮಾಡಿಕೊಳ್ಳಲೇಬೇಕು. ಹಾಗೆ ತೆಗೆದ ಕನ್ನಡ ಕಡತವನ್ನು ಹೊಸ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣಬಹುದು. ಹೆದರಬೇಡಿ, ಬರಹ ಹಾಳಾಗಿಲ್ಲ. ಹಿಂದೆ ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದಲ್ಲಿ ಬರೆದಾಗ, ಇಂಗ್ಲಿಷ್ ಅಕ್ಷರಗಳ ಸಂಕೇತ ಸಂಖ್ಯೆಗಳಿಗೇ ಕನ್ನಡದ ರೂಪ ತೊಡಿಸಲಾಗುತ್ತಿತ್ತು. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಒಳಗಿನ ರೂಪ ಹೊರಗೆ ಕಾಣುತ್ತದೆ. ಪರಿವರ್ತಕ ತಂತ್ರಾಂಶದಿಂದ ಅದನ್ನು ಇಂದಿನ ಯುನಿಕೋಡಿಗೆ ಬದಲಿಸಿದರೆ ಕನ್ನಡ ಮರಳಿ ಬರುತ್ತದೆ.

ಬದುಕದೇ ಹೋದರೆ?

ಎಲ್ಲ ಗಣಕಗಳೂ ಬದುಕುವುದಿಲ್ಲ. ಮದರ್‌ಬೋರ್ಡ್ ಸುಟ್ಟಿದ್ದರೆ ಖರ್ಚಿಗಿಂತ ಲಾಭ ಕಡಿಮೆ. ಆದರೂ ಅದರ ರ‍್ಯಾಮ್, ಫ್ಯಾನ್, ಕೀಲಿಮಣೆ ಇನ್ನೊಂದು ಗಣಕವನ್ನು ಉಳಿಸಬಹುದು. ಉಳಿದುದನ್ನು ತಿಪ್ಪೆಗೆ ಎಸೆಯಬಾರದು, ಸುಡಲೂಬಾರದು. ಹಳೆಯ ಮಾನಿಟರಿನ ಗಾಜಿನಲ್ಲಿ ಮತ್ತು ಹಳೆಯ ಬೆಸುಗೆಯಲ್ಲಿ ಸೀಸವಿದೆ. ಅದು ಮಣ್ಣು, ನೀರು ಸೇರಿದರೆ ವಿಷ. ನಮ್ಮ ದೇಶದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಇಂತಹ ಕಸ ನೋಂದಾಯಿತ ಮರುಬಳಕೆ ಘಟಕಗಳಿಗೇ ಸೇರಬೇಕು. ಶಾಲೆಯ ಗಣಕ ದಾಸ್ತಾನು ಪುಸ್ತಕದಲ್ಲಿ ದಾಖಲಾದ ಸಾಮಾನು. ಅದನ್ನು ಬಿಚ್ಚಲು, ವಿಲೇವಾರಿ ಮಾಡಲು ಮುಖ್ಯ ಗುರುಗಳ ಒಪ್ಪಿಗೆ ಬೇಕು.

ಮಾಡಿ ನೋಡಿ

1. ನಿಮ್ಮ ಶಾಲೆಯ ಗಣಕಗಳ ಪಟ್ಟಿ ಮಾಡಿ. ಯಾವುದು ನಡೆಯುತ್ತದೆ, ಯಾವುದು ಇಲ್ಲ, ನಿಂತಾಗ ಏನು ಲಕ್ಷಣ ಕಂಡಿತು ಎಂದು ಬರೆಯಿರಿ.

2. ಎಸ್‌ಎಂಪಿಎಸ್ ಕೆಟ್ಟ ಒಂದು ಗಣಕ, ರ‍್ಯಾಮ್ ಕೆಟ್ಟ ಇನ್ನೊಂದು ಗಣಕ ಇವೆ ಎನ್ನಿ. ಎರಡೂ ಒಂದೇ ಮಾದರಿಯವು. ಶಿಕ್ಷಕರ ಜೊತೆ ಯೋಚಿಸಿ: ನಡೆಯುವ ಗಣಕಗಳು ಎಷ್ಟಾದವು?