ನಡುಗಡಲಿನಲ್ಲಿ ಜೊತೆದೋಣಿ

ಸಮುದ್ರವೆಂದರೆ ನಮ್ಮ ಬಳ್ಳಾರಿ ಸೀಮೆಯ ಗೃಹಸ್ಥರಲ್ಲಿ ಅನೇಕರಿಗೆ ಪುರಾಣಗಳಲ್ಲಿ ಕೇಳಿದ ವಿಷಯವೇ ಹೊರತು ನಿತ್ಯ ಕಾಣುವ ವಸ್ತುವಲ್ಲ. ಕೊಳಗಲ್ಲಿನ ಎರೆಹೊಲಗಳ ನಡುವೆ ವಾಸಿಸುವ ನಮಗೆ ಜಲಯಾನವೆಂದರೆ, ಬಹಳವಾದರೆ, ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟುವುದಷ್ಟೆ. ಆದರೂ ಕನ್ನಡನಾಡಿನ ಬಂದರೊಂದಕ್ಕೆ, ಗಾಳಿಯನ್ನೇ ನಂಬಿದ ಚಿಕ್ಕ ಹಾಯಿದೋಣಿಗಳು ನಡುಗಡಲಿನ ದ್ವೀಪಗಳಿಂದ ತಲೆಮಾರುಗಳ ಕಾಲ ಬಂದುಹೋಗುತ್ತಿದ್ದ ಸಂಗತಿಯು ವಾಚಕರು ತಿಳಿಯತಕ್ಕದ್ದಾಗಿದೆ. ಅಂತಹ ಯಾನದಲ್ಲಿ ಇನ್ನೊಂದು ದೋಣಿ ಜೊತೆಗಿದ್ದರೆ ಲಾಭವೇನು, ಆ ಜೊತೆಗೆ ತೆರಬೇಕಾದ ಬೆಲೆಯೇನು ಎಂಬುದನ್ನು ಇಲ್ಲಿ ವಿಚಾರಿಸುವೆವು.

ಮಂಗಳೂರಿನಿಂದ ನೈಋತ್ಯ ದಿಕ್ಕಿಗೆ 250 ಕಿಲೋಮೀಟರಿಗೂ ಮೇಲ್ಪಟ್ಟ ದೂರದಲ್ಲಿ ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಐದು ಹವಳದ ದ್ವೀಪಗಳುಂಟು. ಇವು ಟೀಪೂ ಸುಲ್ತಾನನ ವಶದಲ್ಲಿದ್ದು, 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಆಂಗ್ಲರಿಗೆ ಸೇರಿದವು; ಬಳಿಕ 1956ರ ನವೆಂಬರ್ 1ರವರೆಗೂ ಮಂಗಳೂರಿನ ಆಡಳಿತಕ್ಕೆ ಒಳಪಟ್ಟಿದ್ದವು. ನಮ್ಮ ಬಳ್ಳಾರಿಯೂ 1953ರ ಅಕ್ಟೋಬರ್ 1ರವರೆಗೆ ಮದರಾಸಿಗೇ ಸೇರಿದ್ದುದರಿಂದ, ಆ ದ್ವೀಪದವರೂ ನಾವೂ ಒಂದೇ ಸರಕಾರದ ಪ್ರಜೆಗಳಾಗಿದ್ದೆವು. ಇಡೀ ದ್ವೀಪಸಮೂಹಕ್ಕೆ ಲಕ್ಷದ್ವೀಪವೆಂಬ ಹೆಸರು ಬಂದುದು 1973ರಲ್ಲಿ.

ದ್ವೀಪದವರ ಹಾಯಿದೋಣಿಗೆ ಓಡಂ ಎಂದು ಹೆಸರು. ಇದು ನಮ್ಮ ನಿಘಂಟುಗಳಲ್ಲಿರುವ ಓಡವೆಂಬ ಪದವೇ. ಹಲಗೆಗಳಿಗೆ ಕಬ್ಬಿಣದ ಮೊಳೆಯನ್ನು ಹೊಡೆಯದೆ, ತೆಂಗಿನ ನಾರಿನ ಹುರಿಯಿಂದ ಹೊಲಿದು ಇದನ್ನು ಕಟ್ಟುತ್ತಿದ್ದರು. ಹುರಿ, ಕೊಬ್ಬರಿ, ಒಣಮೀನುಗಳನ್ನು ಹೇರಿಕೊಂಡು ಬಂದು, ಅಕ್ಕಿಯನ್ನು ಕೊಂಡೊಯ್ಯುವುದೇ ಅವರ ವ್ಯಾಪಾರ. ಬತ್ತ ಬೆಳೆಯದ ಆ ನೆಲಕ್ಕೆ ಓಡವು ತಲುಪದಿದ್ದರೆ ಮನೆಯ ಒಲೆಗೇ ಸಂಕಟ. ಮುಂಗಾರು ಮೊದಲಾದರೆ ಕಡಲು ಮುಚ್ಚುವುದು. ಅದಕ್ಕೆ ಮೊದಲೂ ನಂಬುಗೆಯಿಲ್ಲ. 1847ರ ಏಪ್ರಿಲಿನಲ್ಲಿಯೇ ಭಯಂಕರವಾದ ಚಂಡಮಾರುತವೊಂದು ಕಲ್ಪೇನಿ, ಆಂಡ್ರೋತ್, ಕಿಲ್ತಾನ್ ದ್ವೀಪಗಳನ್ನು ಹಾಳುಗೆಡವಿತು.

ಈ ಹಾದಿಯಲ್ಲಿ ಬಿರುಗಾಳಿಗಿಂತಲೂ ಹೆಚ್ಚಿನ ಭಯವೆಂದರೆ ದ್ವೀಪವು ತಪ್ಪಿಹೋಗುವುದು. ನೆಲವು ಬಹಳ ತಗ್ಗಾದುದರಿಂದ ಮೊದಲು ಕಾಣುವುದು ತೆಂಗಿನ ತಲೆಗಳೇ. ಅವೂ ಚಿಕ್ಕ ದೋಣಿಯಲ್ಲಿ ನಿಂತವನಿಗೆ ಇಪ್ಪತ್ತೈದು ಕಿಲೋಮೀಟರಿನಾಚೆಗೆ ಕಾಣಲಾರವು. ಕಾಣದೆ ಮುಂದೆ ಸಾಗಿದರೆ ಪಶ್ಚಿಮಕ್ಕೆ ಸಾವಿರದೈನೂರು ಕಿಲೋಮೀಟರಿಗೂ ಮಿಕ್ಕಿ ನೀರೇ ನೀರು. ಆದುದರಿಂದ ನಾವಿಕರು ಧ್ರುವನಕ್ಷತ್ರವನ್ನು ಆಶ್ರಯಿಸಿದರು. ಗಂಟುಗಳುಳ್ಳ ದಾರವನ್ನು ಕಟ್ಟಿದ ಚಿಕ್ಕ ಹಲಗೆಯೊಂದನ್ನು ಹಿಡಿದು, ಗಂಟನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯ ಕೆಳಗಿನ ಅಂಚನ್ನು ದಿಗಂತಕ್ಕೂ ಮೇಲಿನ ಅಂಚನ್ನು ಧ್ರುವನಿಗೂ ಹೊಂದಿಸಿ, ಅವನ ಎತ್ತರವನ್ನು ಅಳೆಯುತ್ತಿದ್ದರು. ನಮ್ಮ ಊರಿನಲ್ಲಿ ಧ್ರುವನು ದಿಗಂತದಿಂದ ಸುಮಾರು 15 ಅಂಶ ಮೇಲೆ ನಿಲ್ಲುವನು. ಮಂಗಳೂರಿನಲ್ಲಿ 13, ಅಮೀನಿಯಲ್ಲಿ 11. ತೋಳನ್ನು ನೀಡಿ ಹಿಡಿದ ಮುಷ್ಟಿಯು ಹೆಚ್ಚುಕಡಮೆ 10 ಅಂಶವನ್ನು ಮುಚ್ಚುವುದು. ವಾಚಕರು ತಮ್ಮ ಮಾಳಿಗೆಯ ಮೇಲೆ ನಿಂತು ಮಕ್ಕಳೊಡನೆ ಇದನ್ನು ಪರೀಕ್ಷಿಸಬಹುದು. ಆದರೆ ಮೋಡ ಮುಸುಕಿದ ರಾತ್ರಿಯಲ್ಲಿ ಹಲಗೆಯೂ ವ್ಯರ್ಥ.

ಜೊತೆದೋಣಿಯ ಪ್ರಯೋಜನವು ಇಲ್ಲಿಯೇ ಸ್ಪಷ್ಟವಾಗುವುದು. ಹಗಲಿನಲ್ಲಿ ಒಂದರ ಹಾಯಿ ಇನ್ನೊಂದಕ್ಕೆ ಕಾಣುವಷ್ಟು ಅಂತರದಲ್ಲಿ ಅಕ್ಕಪಕ್ಕವಾಗಿ ನಡೆದರೆ, ನೋಟದ ಹರವು ಹಿಗ್ಗುವುದು. ಒಬ್ಬನಿಗೆ ತಪ್ಪಿದ ತೆಂಗು ಇನ್ನೊಬ್ಬನಿಗೆ ಕಂಡೀತು. ಒಂದಕ್ಕೆ ನೀರು ನುಗ್ಗಿದರೆ ಜನರನ್ನು ಹತ್ತಿಸಿಕೊಳ್ಳಲು ಇನ್ನೊಂದುಂಟು. ರಾತ್ರಿಯಲ್ಲಿ ಸಂತೆಗೆ ಹೊರಟ ಬಂಡಿಯವರು ಅಚ್ಚು ಮುರಿದೀತೆಂಬ ಭಯದಿಂದ ಜೊತೆಗೊಂದು ಬಂಡಿಯನ್ನು ಬಯಸುವಂತೆಯೇ ಇದು. ಆದರೆ ಬಂಡಿ ಮುರಿದರೆ ಕಾಲ್ನಡಿಗೆಯಾದರೂ ಉಂಟು. ಕಡಲಿನಲ್ಲಿ ಅದೂ ಇಲ್ಲ.

ಈ ಲಾಭಕ್ಕೆ ಬೆಲೆಯೂ ಉಂಟು. ಎರಡು ದೋಣಿಗಳ ವೇಗವು ಎಂದಿಗೂ ಸಮವಾಗಿರದು. ಹಿಂದುಳಿದವನು ಎಷ್ಟು ಹೆಣಗಿದರೂ ಗಾಳಿಯನ್ನು ಹೆಚ್ಚಿಸಲಾರನು. ಮುಂದಿರುವವನು ತನ್ನ ಹಾಯಿಯನ್ನು ಕುಗ್ಗಿಸಬಲ್ಲನು. ಆದುದರಿಂದ ಜೊತೆಯನ್ನು ಕಾಯುವ ಭಾರವು ಬಲಿಷ್ಠನದೇ. ರಾತ್ರಿಗೆ ದೀಪದ ಸಂಜ್ಞೆ, ಅಗಲಿದರೆ ಕೂಡಬೇಕಾದ ಸ್ಥಳ, ಇವನ್ನು ದಡ ಬಿಡುವ ಮೊದಲೇ ನಿಶ್ಚಯಿಸಬೇಕು. ದ್ವೀಪವನ್ನು ಕಂಡ ಮೇಲೂ ಆತುರವು ಸಲ್ಲದು. ಹವಳದ ಬಂಡೆಗಳ ನಡುವಣ ಇಕ್ಕಟ್ಟಾದ ಬಾಗಿಲನ್ನು ಬಿಸಿಲು ಮೇಲಿರುವಾಗ ನೀರಿನ ಬಣ್ಣವನ್ನು ನೋಡಿಯೇ ಹೊಗಬೇಕು. ಸಂಜೆಗೆ ತಲುಪಿದವರು ಹೊರಗೆ ಕಾದು ಬೆಳಗು ಮಾಡುವುದೇ ಲೇಸು.

ಈಚಿನ ಉದಾಹರಣೆಯೊಂದನ್ನು ಹೇಳುವೆವು. 2018ರಲ್ಲಿ ಭಾರತೀಯ ನೌಕಾಪಡೆಯ ಅಭಿಲಾಷ್ ಟೋಮಿಯವರು ಏಕಾಕಿಯಾಗಿ ಭೂಪ್ರದಕ್ಷಿಣೆಯ ಪಂದ್ಯಕ್ಕೆ ಹೊರಟಿದ್ದರು. ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಅವರ ಕೂವೆಮರಗಳು ಮುರಿದು, ಬೆನ್ನಿಗೆ ತೀವ್ರವಾದ ಪೆಟ್ಟಾಯಿತು. ಅವರಿಗೆ ಸಮೀಪದಲ್ಲಿದ್ದ ಪ್ರತಿಸ್ಪರ್ಧಿ, ಐರ್ಲೆಂಡಿನ ಗ್ರೆಗರ್ ಮೆಕ್‌ಗಕಿನ್. ಅದೇ ಬಿರುಗಾಳಿಯಲ್ಲಿ ಆತನ ಕೂವೆಮರಗಳೂ ಮುರಿದಿದ್ದವು. ಆದರೂ ಆತನು ಇದ್ದುದರಲ್ಲಿಯೇ ಹಾಯಿಯನ್ನು ಕಟ್ಟಿ ಟೋಮಿಯವರತ್ತ ದೋಣಿಯನ್ನು ತಿರುಗಿಸಿದನು. 24ರಂದು ಫ್ರೆಂಚರ ಒಸಿರಿಸ್ ಎಂಬ ಹಡಗು ಮೊದಲು ಬಂದು ಟೋಮಿಯವರನ್ನು ಉಳಿಸಿ, ಅನಂತರ ಆ ಐರಿಷ್ ನಾವಿಕನನ್ನೂ ಹತ್ತಿಸಿಕೊಂಡಿತು. ಪಂದ್ಯದಲ್ಲಿ ಎದುರಾಳಿಯಾದವನು ಆಪತ್ತಿನಲ್ಲಿ ಜೊತೆಗಾರನಾದನು.

ನಾವು ದಿನಕ್ಕೆ ಹತ್ತು ಬಾರಿ ಆಡುವ ‘ಸಹಾಯ’ ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಜೊತೆಯಲ್ಲಿ ಹೋಗುವವನು ಎಂದೇ ಮೂಲಾರ್ಥ. ಹಣ ಕೊಟ್ಟವನೂ ಉಪದೇಶ ಮಾಡಿದವನೂ ಅನಂತರದವರು. ಮೊದಲು ಜೊತೆಗೆ ನಡೆದವನು. ಇಂದು ಯಂತ್ರದ ದೋಣಿಗಳೂ ದಾರಿ ತೋರುವ ಕೃತಕ ಉಪಗ್ರಹಗಳೂ ಬಂದಿವೆ. ಆದರೆ ಹಿಂದಿರುವವನಿಗಾಗಿ ತನ್ನ ಹಾಯಿಯನ್ನು ತಾನೇ ಕುಗ್ಗಿಸಿಕೊಳ್ಳುವ ಕೆಲಸವನ್ನು ಯಾವ ಯಂತ್ರವೂ ಮಾಡಿಕೊಡದು. ಮನೆಯಲ್ಲಿ ಬೇಗ ನಡೆಯಬಲ್ಲವರು, ವೃದ್ಧರನ್ನೂ ಎಳೆಯರನ್ನೂ ಜೊತೆಗಿಟ್ಟುಕೊಂಡಾಗ, ಇದನ್ನು ನೆನೆಯುವುದು ಒಳ್ಳೆಯದು.